ಗ್ಯಾರೇಜ್ ವರ್ಕ್‌ಶಾಪ್‌ಗೆ ಹೊಸ ವೈರಿಂಗ್, ಹೊಸ ಬೆಳಕು: 16 ಸೂತ್ರಗಳು

ಕಾರು ರಸ್ತೆಗೆ ಬಂದು, ಗ್ಯಾರೇಜಿನೊಳಗೆ ಕೆಲಸದ ಬೆಂಚು, ಗ್ರೈಂಡರ್, ಮರ ಕೊಯ್ಯುವ ಟೇಬಲ್ ಸಾ, ಕಂಪ್ರೆಸರ್ ಒಂದೊಂದಾಗಿ ಸೇರಿಕೊಂಡ ಮನೆಗಳು ನಮ್ಮ ಊರುಗಳಲ್ಲಿ ಕಡಿಮೆಯೇನಿಲ್ಲ. ಯಂತ್ರಗಳು ಬಂದವು, ವೈರಿಂಗ್ ಮಾತ್ರ ಕಾರು ನಿಲ್ಲಿಸುವ ಜಾಗಕ್ಕೆಂದು ಮಾಡಿದ್ದೇ ಉಳಿಯಿತು. ನಡುವೆ ಒಂದು ಟ್ಯೂಬ್‌ಲೈಟು, ಬಾಗಿಲ ಪಕ್ಕ ಒಂದು ಐದು ಆಂಪಿಯರ್ ಪ್ಲಗ್ಗು, ಅದರಿಂದ ಹೊರಟ ಎಕ್ಸ್‌ಟೆನ್ಷನ್ ಬಾಕ್ಸು, ಅದಕ್ಕೆ ಸಿಕ್ಕಿಸಿದ ಇನ್ನೊಂದು ಬಾಕ್ಸು. ಗರಗಸದ ಸ್ವಿಚ್ ಹಾಕಿದರೆ ನಡುಮನೆಯ ಬಲ್ಬು ಮಂಕಾಗುತ್ತದೆ.

ಸರಿಪಡಿಸಲು ಹೊರಟವರು ಸಾಮಾನ್ಯವಾಗಿ ಮೊದಲು ಅಂಗಡಿಗೆ ಹೋಗಿ ಲೈಟು ತರುತ್ತಾರೆ. ಮೊದಲು ಆಗಬೇಕಾದದ್ದು ಬೇರೆ. ಗೋಡೆಯೊಳಗೆ, ನೆಲದೊಳಗೆ ಹೋಗಿ ಕಣ್ಣಿಗೆ ಮರೆಯಾಗುವ ಸಾಮಾನಿಗೆ ಕೈಬಿಚ್ಚಿ ಖರ್ಚು ಮಾಡಿ. ಕಣ್ಣೆದುರಿಗೆ ಇರುವುದನ್ನು ಯಾವಾಗ ಬೇಕಾದರೂ ಬದಲಿಸಬಹುದು. ಕೆಳಗಿನ ಸೂತ್ರಗಳು ಆ ಕ್ರಮದಲ್ಲೇ ಇವೆ. ಯೋಜನೆ, ಆಯ್ಕೆ, ತಪಾಸಣೆ ನಿಮ್ಮ ಕೆಲಸ. ಮೇನ್ ಸ್ವಿಚ್ ಬಿಚ್ಚುವುದು ಪರ್ಮಿಟ್ ಇರುವ ವೈರ್‌ಮನ್ ಕೆಲಸ.

1. ವೈರಿಗಿಂತ ಮೊದಲು ಪಟ್ಟಿ

ಒಂದು ಹಾಳೆ ತೆಗೆದುಕೊಂಡು ಇರುವ ಯಂತ್ರಗಳನ್ನೂ, ಮುಂದೆ ಕೊಳ್ಳಬೇಕೆಂದಿರುವ ಯಂತ್ರಗಳನ್ನೂ ಬರೆಯಿರಿ. ಪ್ರತಿಯೊಂದರ ನೇಮ್‌ಪ್ಲೇಟ್ ನೋಡಿ ವ್ಯಾಟ್ ಅಥವಾ ಆಂಪಿಯರ್ ದಾಖಲಿಸಿ. ಮೋಟರಿನ ಮೇಲೆ ಬರೆದ ಎಚ್‌ಪಿ ಅದು ಮಾಡುವ ಕೆಲಸದ ಅಳತೆ. 1 ಎಚ್‌ಪಿ ಎಂದರೆ 746 ವ್ಯಾಟ್. ಆದರೆ ಅಷ್ಟು ಕೆಲಸ ಮಾಡಲು ಅದು ಲೈನಿನಿಂದ ಎಳೆಯುವುದು ಅದಕ್ಕಿಂತ ಹೆಚ್ಚು. ಒಂದೂವರೆ ಎಚ್‌ಪಿಯ ಸಿಂಗಲ್ ಫೇಸ್ ಮೋಟರು ಪೂರ್ತಿ ಲೋಡಿನಲ್ಲಿ 9 ಆಂಪಿಯರ್ ಆಸುಪಾಸು ತೆಗೆದುಕೊಳ್ಳುತ್ತದೆ.

ಆಮೇಲೆ, ಒಟ್ಟಿಗೆ ಓಡುವ ಯಂತ್ರಗಳಿಗೆ ಗೆರೆ ಎಳೆಯಿರಿ. ಗರಗಸಕ್ಕೆ 9 ಆಂಪಿಯರ್, ಧೂಳು ಎಳೆಯುವ ವ್ಯಾಕ್ಯೂಮಿಗೆ 5, ಲೈಟುಗಳಿಗೆ 1, ಒಟ್ಟು 15. ಇಷ್ಟರಲ್ಲಿ ಮೂಲೆಯ 2 ಎಚ್‌ಪಿ ಕಂಪ್ರೆಸರಿನ ಪ್ರೆಶರ್ ಇಳಿದು ಅದು ತಾನಾಗಿ ಶುರುವಾದರೆ ಇನ್ನೊಂದು 11 ಸೇರಿ 26 ಆಂಪಿಯರ್. ಯಾರೂ ಸ್ವಿಚ್ ಮುಟ್ಟಿಲ್ಲ, ಲೋಡ್ ಮಾತ್ರ ಸುಮಾರು ಮುಕ್ಕಾಲು ಪಾಲು ಏರಿತು. ಲೆಕ್ಕ ತಪ್ಪಿಸುವುದು ಹೆಚ್ಚಾಗಿ ಹೀಗೆ ತಾನೇ ಎದ್ದು ಕೂರುವ ಯಂತ್ರವೇ.

2. ಬಿಲ್ಲಿನಲ್ಲಿ ಮಂಜೂರಾದ ಲೋಡ್ ನೋಡಿ

ಬೆಸ್ಕಾಂ, ಹೆಸ್ಕಾಂ, ಮೆಸ್ಕಾಂ, ಜೆಸ್ಕಾಂ, ಸೆಸ್ಕ್ ಯಾವುದೇ ಇರಲಿ, ಬಿಲ್ಲಿನಲ್ಲಿ ನಿಮ್ಮ ಆರ್‌ಆರ್ ನಂಬರಿನ ಜೊತೆಗೆ ಮನೆಗೆ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಎಂದೂ ಇರುತ್ತದೆ. ಮೇಲಿನ 26 ಆಂಪಿಯರ್ ಎಂದರೆ 230 ವೋಲ್ಟಿನಲ್ಲಿ ಹತ್ತಿರ ಹತ್ತಿರ 6,000 ವೋಲ್ಟ್-ಆಂಪಿಯರ್. ಮಂಜೂರಾದದ್ದು 3 ಕಿಲೋವ್ಯಾಟ್ ಇದ್ದರೆ, ಗೀಸರ್, ಮೋಟರ್ ಪಂಪು, ಫ್ರಿಜ್ಜು ಸೇರುವ ಮೊದಲೇ ವರ್ಕ್‌ಶಾಪ್ ಒಂದೇ ಅದನ್ನು ದಾಟಿಬಿಟ್ಟಿದೆ.

ದಾರಿ ಎರಡು: ಕಂಪ್ರೆಸರ್ ಓಡುವಾಗ ಗರಗಸ ನಿಲ್ಲಿಸುವ ಶಿಸ್ತು, ಇಲ್ಲವೇ ಉಪವಿಭಾಗದ ಕಚೇರಿಯಲ್ಲಿ ಅರ್ಜಿ ಹಾಕಿ ಹೆಚ್ಚುವರಿ ಲೋಡ್. ಲೋಡ್ ಹೆಚ್ಚಿಸುವಾಗ ಮೂರು ಫೇಸ್ ಬೇಕೇ ಎಂದು ಅಲ್ಲೇ ಕೇಳಿ ತೀರ್ಮಾನಿಸಿ. ಇನ್ನೊಂದು ಮಾತು: ಹವ್ಯಾಸಕ್ಕೆ ಮನೆಯ ಮೀಟರ್ ಸರಿ. ಗಿರಾಕಿಗಳಿಂದ ಹಣ ಪಡೆದು ಕೆಲಸ ಮಾಡಿಕೊಡುತ್ತಿದ್ದರೆ ಗೃಹಬಳಕೆಯ ದರ ಅನ್ವಯಿಸುವುದಿಲ್ಲ. ಬೇರೆ ಸಂಪರ್ಕದ ವಿಷಯವನ್ನು ಮೊದಲೇ ವಿಚಾರಿಸಿಕೊಳ್ಳಿ.

3. ಮನೆಯ ಮೇನ್‌ನಿಂದ ಪ್ರತ್ಯೇಕ ಲೈನ್, ವರ್ಕ್‌ಶಾಪ್‌ಗೆ ಅದರದೇ ಡಿಬಿ

ಪಕ್ಕದ ಕೋಣೆಯ ಪ್ಲಗ್ಗಿನಿಂದ ಕವಲು ತೆಗೆಯಬೇಡಿ. ಮನೆಯ ಡಿಬಿಯಿಂದ (ಡಿಸ್ಟ್ರಿಬ್ಯೂಷನ್ ಬೋರ್ಡಿನಿಂದ) ನೇರವಾಗಿ ಒಂದು ಲೈನ್ ಹೊರಡಲಿ. ಅದು ವರ್ಕ್‌ಶಾಪಿನೊಳಗೆ ಬಂದು ಒಂದು ಸಣ್ಣ ಡಿಬಿಯಲ್ಲಿ ಕೊನೆಗೊಳ್ಳಲಿ. 8 ದಾರಿಯ ಬಾಕ್ಸು ಸಾಕು ಎನ್ನಿಸಿದರೆ 12 ದಾರಿಯದು ಹಾಕಿಸಿ. ಬೆಲೆಯ ವ್ಯತ್ಯಾಸ ಸಣ್ಣದು, ಖಾಲಿ ಜಾಗ ಮುಂದೆ ಬೇಕೇ ಬೇಕಾಗುತ್ತದೆ.

ಡಿಬಿ ಬಾಗಿಲ ಪಕ್ಕದಲ್ಲಿರಲಿ, ಎದೆಯ ಎತ್ತರದಲ್ಲಿರಲಿ, ಎದುರಿಗೆ ಸಾಮಾನು ಪೇರಿಸದಿರಲಿ. ಕೆಲಸ ಮುಗಿಸಿ ಹೊರಡುವಾಗ ಒಂದೇ ಐಸೋಲೇಟರ್ ಕೆಳಗಿಳಿಸಿದರೆ ಎಲ್ಲ ಯಂತ್ರ ಸತ್ತಿರಬೇಕು. ಮಕ್ಕಳಿರುವ ಮನೆಯಲ್ಲಿ ಅದಕ್ಕೊಂದು ಬೀಗ ಇರುವುದೂ ಒಳ್ಳೆಯದು.

4. ವೈರಿನ ದಪ್ಪವನ್ನು ದೂರ ನೋಡಿ ನಿರ್ಧರಿಸಿ

ಇದೊಂದು ಲೆಕ್ಕವನ್ನು ಕಣ್ಣಾರೆ ಮಾಡಿ ನೋಡಿ. ಡಿಬಿಯಿಂದ ಹಿತ್ತಲ ಶೆಡ್ಡಿಗೆ ಪೈಪು ಹೋಗುವ ಹಾದಿ 30 ಮೀಟರ್ ಎಂದಿಟ್ಟುಕೊಳ್ಳಿ. ಕರೆಂಟ್ ಹೋಗಿ ಬರಬೇಕಾದ್ದರಿಂದ ತಾಮ್ರದ ಉದ್ದ 60 ಮೀಟರ್. ಎರಡೂವರೆ ಎಂಎಂ (ಚದರ ಮಿಲಿಮೀಟರ್) ವೈರಿನ ರೋಧ ಕಿಲೋಮೀಟರಿಗೆ ಸುಮಾರು 8 ಓಮ್. 60 ಮೀಟರಿಗೆ ಅರ್ಧ ಓಮಿಗೆ ಸ್ವಲ್ಪ ಕಡಿಮೆ. 16 ಆಂಪಿಯರ್ ಹರಿದರೆ ದಾರಿಯಲ್ಲೇ ಹತ್ತಿರ ಹತ್ತಿರ 8 ವೋಲ್ಟ್ ಕರಗುತ್ತದೆ. ಇದನ್ನು ಹೇಗೋ ತಡೆದುಕೊಳ್ಳಬಹುದು.

ಮೋಟರು ಶುರುವಾಗುವ ಕ್ಷಣ ನೋಡಿ. ಆಗ ಅದು ಓಡುವಾಗಿನ ಐದಾರು ಪಟ್ಟು ಎಳೆಯುತ್ತದೆ. 9 ಆಂಪಿಯರಿನ ಮೋಟರಿಗೆ 50ರ ಆಸುಪಾಸು. ಅದೇ ವೈರಿನಲ್ಲಿ 24 ವೋಲ್ಟ್ ನಷ್ಟ. ಸಂಜೆ ಹೊತ್ತು ಲೈನಿನಲ್ಲಿ ಬರುವುದೇ 210 ಇದ್ದರೆ ಮೋಟರಿಗೆ ಸಿಕ್ಕುವುದು 186. ಅದು ಗೊರ್ರೆನ್ನುತ್ತದೆ, ಏಳುವುದಿಲ್ಲ, ಸುರುಳಿ ಕಾಯುತ್ತದೆ. ಅದೇ ಹಾದಿಗೆ 6 ಎಂಎಂ ವೈರು ಹಾಕಿದ್ದರೆ ನಷ್ಟ 10 ವೋಲ್ಟು ಮಾತ್ರ. ಕಂಪ್ರೆಸರ್ ಸುಟ್ಟಿತೆಂದು ರಿವೈಂಡಿಂಗ್ ಅಂಗಡಿಗೆ ಹೊತ್ತೊಯ್ಯುವ ಮೊದಲು ವೈರಿನ ದಪ್ಪ ಎಷ್ಟಿದೆ ಎಂದು ಕೇಳಿಕೊಳ್ಳಬೇಕು.

ಕೈಪಿಡಿಯ ಹಾಗೆ ಇಷ್ಟು ನೆನಪಿಡಿ: ಲೈಟಿಗೆ ಒಂದೂವರೆ ಎಂಎಂ, 16 ಆಂಪಿಯರ್ ಪ್ಲಗ್ಗಿಗೆ ಎರಡೂವರೆ, ಮೋಟರ್ ಮತ್ತು ವೆಲ್ಡಿಂಗಿಗೆ 4, ಮನೆಯಿಂದ ಬರುವ ಮುಖ್ಯ ಲೈನಿಗೆ 6; ದೂರವೋ ಲೋಡೋ ಹೆಚ್ಚಿದ್ದರೆ 10. ಎಲ್ಲವೂ ತಾಮ್ರ, ಎಲ್ಲದರ ಮೇಲೂ ಐಎಸ್‌ಐ ಗುರುತು, ಬೆಂಕಿ ಹರಡದ ಎಫ್‌ಆರ್ ಹೊದಿಕೆ. ಒಂದು ಕಾಯಿಲ್ 90 ಮೀಟರ್. ನಡುವೆ ಗಂಟು ಹಾಕಿ ಟೇಪು ಸುತ್ತುವ ಪ್ರಸಂಗ ಬಾರದಂತೆ ಮೊದಲೇ ಅಳೆದು ತರಿಸಿ. ಹಳೇ ಮನೆಯ ಅಲ್ಯೂಮಿನಿಯಂ ವೈರಿಗೆ ಹೊಸ ತಾಮ್ರವನ್ನು ತಿರುಚಿ ಸೇರಿಸುವುದಂತೂ ಬೇಡವೇ ಬೇಡ. ಆ ಜಾಯಿಂಟು ಸಡಿಲವಾಗುತ್ತಾ, ಬಿಸಿಯಾಗುತ್ತಾ ಹೋಗುತ್ತದೆ.

5. ಎಂಸಿಬಿ ಕಾಯುವುದು ವೈರನ್ನು

ಎಂಸಿಬಿಯ ಕೆಲಸ ವೈರು ಕಾದು ಸುಡದಂತೆ ತಡೆಯುವುದು. ಹಾಗಾಗಿ ಅದರ ಅಳತೆ ವೈರಿಗೆ ಹೊಂದಬೇಕು, ಯಂತ್ರದ ಆಸೆಗಲ್ಲ. ಲೈಟಿನ ಸರ್ಕ್ಯೂಟಿಗೆ 6 ಅಥವಾ 10 ಆಂಪಿಯರ್, ಎರಡೂವರೆ ಎಂಎಂನ ಪ್ಲಗ್ಗಿಗೆ 16, 4 ಎಂಎಂಗೆ 20, 6 ಎಂಎಂನ ಮುಖ್ಯ ಲೈನಿಗೆ 25. ಪದೇಪದೇ ಟ್ರಿಪ್ ಆಗುತ್ತದೆಂದು 16ರ ಜಾಗದಲ್ಲಿ 32 ಹಾಕುವುದು ಹಳೇ ಕಿಟ್‌ಕ್ಯಾಟ್ ಫ್ಯೂಸಿಗೆ ದಪ್ಪ ತಂತಿ ಸುತ್ತಿದಷ್ಟೇ ಅಪಾಯ.

ಟ್ರಿಪ್ ಆಗುವುದು ಮೋಟರು ಶುರುವಾಗುವಾಗ ಮಾತ್ರವೇ? ಹಾಗಿದ್ದರೆ ಅಳತೆ ಬದಲಿಸಬೇಡಿ, ಜಾತಿ ಬದಲಿಸಿ. ಬಿ ವರ್ಗದ ಎಂಸಿಬಿ ತನ್ನ ಅಳತೆಯ 3ರಿಂದ 5 ಪಟ್ಟಿಗೆ ತಕ್ಷಣ ಬೀಳುತ್ತದೆ. ಸಿ ವರ್ಗದ್ದು 5ರಿಂದ 10 ಪಟ್ಟಿಗೆ. ಲೈಟಿಗೆ ಬಿ, ಮೋಟರಿಗೆ ಸಿ. ಎಂಸಿಬಿಯ ಮುಖದ ಮೇಲೆ ‘ಸಿ 16’ ಎಂಬಂತೆ ಅಕ್ಷರವೂ ಅಂಕಿಯೂ ಒಟ್ಟಿಗೇ ಇರುತ್ತವೆ.

6. ಮನುಷ್ಯನನ್ನು ಕಾಯುವುದು ಆರ್‌ಸಿಸಿಬಿ

ಅಂಗಡಿಯವರು ಈಗಲೂ ಇಎಲ್‌ಸಿಬಿ ಎಂದೇ ಕರೆಯುವ ಈ ಸಾಧನ ಫೇಸಿನಲ್ಲಿ ಹೋದ ಕರೆಂಟೂ ನ್ಯೂಟ್ರಲ್‌ನಲ್ಲಿ ಮರಳಿದ ಕರೆಂಟೂ ಸಮ ಇದೆಯೇ ಎಂದು ಸದಾ ತೂಗಿ ನೋಡುತ್ತಿರುತ್ತದೆ. ವ್ಯತ್ಯಾಸ ಬಂದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಆ ಸೋರಿಕೆ ನಿಮ್ಮ ಮೈಯ ಮೂಲಕವೂ ಇರಬಹುದು. ಕೊಳ್ಳುವಾಗ 30 ಮಿಲಿ ಆಂಪಿಯರಿನದೇ ಕೇಳಿ. 100 ಅಥವಾ 300ರದ್ದು ಬೆಂಕಿಯ ಅಪಾಯ ತಡೆಯಲು, ಶಾಕಿನಿಂದ ಉಳಿಸಲು ಅಲ್ಲ. 30ರದ್ದು ಆ ಮಟ್ಟದ ಸೋರಿಕೆಗೆ 0.3 ಸೆಕೆಂಡಿನೊಳಗೆ ಲೈನ್ ಕಡಿಯಬೇಕೆಂಬುದು ಮಾನದಂಡ.

ಅದರ ಮಿತಿಯೂ ಗೊತ್ತಿರಲಿ. ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದು ಒಣ ಹಲಗೆಯ ಮೇಲೆ ನಿಂತವನನ್ನು ಅದು ಬಲ್ಬು ಎಂದೇ ತಿಳಿಯುತ್ತದೆ. ಓವರ್‌ಲೋಡಿಗೂ ಅದು ಬೀಳುವುದಿಲ್ಲ. ಆದ್ದರಿಂದ ಎಂಸಿಬಿ, ಆರ್‌ಸಿಸಿಬಿ ಎರಡೂ ಬೇಕು. ತಿಂಗಳಿಗೊಮ್ಮೆ ಅದರ ಟೆಸ್ಟ್ ಬಟನ್ ಒತ್ತಿ ನೋಡಿ. ಬೀಳದಿದ್ದರೆ ಅವತ್ತೇ ಬದಲಿಸಿ.

7. ಅರ್ಥಿಂಗ್ ಇದೆ ಎಂಬ ಮಾತು ಸಾಲದು, ಅಳೆಸಿ

ಮೂರು ರಂಧ್ರದ ಪ್ಲಗ್ಗು ಇದ್ದ ಮಾತ್ರಕ್ಕೆ ಅರ್ಥಿಂಗ್ ಇದೆ ಎಂದಾಗುವುದಿಲ್ಲ. ಮೇಲಿನ ದಪ್ಪ ರಂಧ್ರದ ಹಿಂದೆ ವೈರೇ ಇರದ ಬೋರ್ಡುಗಳು ಹಳೇ ಮನೆಗಳಲ್ಲಿ ಬೇಕಾದಷ್ಟಿವೆ. ವೈರ್‌ಮನ್ ಬಂದಾಗ ಮಲ್ಟಿಮೀಟರ್ ಇಟ್ಟು ಮೂರು ಅಳತೆ ತೋರಿಸಲು ಹೇಳಿ: ಫೇಸ್‌ನಿಂದ ನ್ಯೂಟ್ರಲ್‌ಗೆ 230ರ ಸುತ್ತಮುತ್ತ, ಫೇಸ್‌ನಿಂದ ಅರ್ಥ್‌ಗೂ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್‌ನಿಂದ ಅರ್ಥ್‌ಗೆ ಎರಡು ಮೂರು ವೋಲ್ಟಿನೊಳಗೆ. ಕೊನೆಯದು ಹತ್ತು ದಾಟಿದರೆ ಕಾರಣ ಹುಡುಕದೆ ಮುಂದಿನ ಕೆಲಸ ಬೇಡ.

ಇನ್ನು ಅರ್ಥಿಂಗ್ ಗುಂಡಿಯ ಮಾತು. ಅರ್ಥ್ ಟೆಸ್ಟರ್ ತಂದು ರೋಧ ಅಳೆಸಿ; 5 ಓಮಿಗಿಂತ ಕೆಳಗೆ ತರುವುದು ಗುರಿಯಾಗಲಿ. ಬಯಲುಸೀಮೆಯ ಬೇಸಿಗೆಯಲ್ಲಿ ನೆಲ ಒಣಗಿ ಈ ಅಂಕಿ ಏರುತ್ತದೆ, ಮಳೆಗಾಲದಲ್ಲಿ ಇಳಿಯುತ್ತದೆ. ಹಾಗಾಗಿ ಏಪ್ರಿಲ್‌ನ ಅಳತೆಯನ್ನೇ ನಂಬಿ. ಉಪ್ಪು, ಇದ್ದಿಲಿನ ಹಳೇ ಗುಂಡಿಗೆ ಆಗಾಗ ನೀರು ಹಾಕಬೇಕು. ಬೆಂಟೊನೈಟ್ ತುಂಬಿದ ರಾಡಿಗೆ ಆ ರಗಳೆ ಕಡಿಮೆ.

ಒಳ್ಳೆಯ ಅರ್ಥಿಂಗ್ ಇದ್ದೂ ಆರ್‌ಸಿಸಿಬಿ ಯಾಕೆ ಎನ್ನುವವರಿಗೆ ಸಣ್ಣ ಲೆಕ್ಕ: 5 ಓಮಿನ ಗುಂಡಿಯ ಮೂಲಕ ಹರಿಯಬಲ್ಲದ್ದು ಹೆಚ್ಚೆಂದರೆ 46 ಆಂಪಿಯರ್. ಸಿ 16 ಎಂಸಿಬಿ ತಕ್ಷಣ ಬೀಳಲು ಬೇಕಾದ್ದು ಕನಿಷ್ಠ 80. ಅದು ಕಾದು ನಿಧಾನಕ್ಕೆ ಬೀಳುವ ತನಕ ಗರಗಸದ ಮೈಯಲ್ಲಿ ಕರೆಂಟ್ ಇದ್ದೇ ಇರುತ್ತದೆ. ಆ ಹೊತ್ತಿನಲ್ಲಿ ನೆರವಿಗೆ ಬರುವುದು ಆರ್‌ಸಿಸಿಬಿ.

8. ನ್ಯೂಟ್ರಲ್ ವಿಷಯದಲ್ಲಿ ಎರಡು ಕಳ್ಳದಾರಿಗಳನ್ನು ಮುಚ್ಚಿ

ಮೊದಲನೆಯದು, ಪ್ಲಗ್ಗಿನೊಳಗೆ ನ್ಯೂಟ್ರಲ್‌ನಿಂದ ಅರ್ಥ್ ಪಿನ್ನಿಗೆ ಒಂದು ತುಂಡು ವೈರು ಸೇರಿಸಿ ‘ಅರ್ಥಿಂಗ್ ಕೊಟ್ಟಿದ್ದೇನೆ’ ಎನ್ನುವುದು. ಹಿಂದೆ ಎಲ್ಲಾದರೂ ನ್ಯೂಟ್ರಲ್ ಕಡಿದರೆ ಯಂತ್ರದ ಕಬ್ಬಿಣದ ಮೈ ಪೂರ್ತಿ 230 ವೋಲ್ಟಿಗೆ ಏರುತ್ತದೆ. ಇದು ಕೊಲ್ಲುವ ಕೆಲಸ.

ಎರಡನೆಯದು, ಹತ್ತಿರ ಸಿಕ್ಕಿತೆಂದು ಬೇರೊಂದು ಸರ್ಕ್ಯೂಟಿನ ನ್ಯೂಟ್ರಲ್ ಎಳೆದುಕೊಳ್ಳುವುದು. ಆಗ ಹೋದ ಕರೆಂಟ್ ಒಂದು ದಾರಿ, ಬಂದದ್ದು ಇನ್ನೊಂದು ದಾರಿ. ಆರ್‌ಸಿಸಿಬಿ ಅದನ್ನು ಸೋರಿಕೆ ಎಂದೇ ಎಣಿಸಿ ಬೀಳುತ್ತದೆ. ಯುಪಿಎಸ್ ಲೈನಿನ ನ್ಯೂಟ್ರಲ್ ಬೆರೆತ ಮನೆಗಳಲ್ಲಿ ಇದು ಸಾಮಾನ್ಯ ಕಾಯಿಲೆ. ‘ಈ ಆರ್‌ಸಿಸಿಬಿಯೇ ಸರಿಯಿಲ್ಲ, ತೆಗೆದುಬಿಡೋಣ ಸಾರ್’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ನ್ಯೂಟ್ರಲ್‌ಗಳನ್ನು ಬೇರ್ಪಡಿಸಲು ಹೇಳಿ.

9. ಲೈಟಿಗೂ ಪ್ಲಗ್ಗಿಗೂ ಸಂಬಂಧ ಕಡಿಯಿರಿ

ಗ್ರೈಂಡರ್ ಟ್ರಿಪ್ ಮಾಡಿದಾಗ ಲೈಟೂ ಆರಿದರೆ, ಇನ್ನೂ ತಿರುಗುತ್ತಿರುವ ಬ್ಲೇಡಿನ ಮುಂದೆ ಕತ್ತಲಲ್ಲಿ ನಿಂತಿರುತ್ತೀರಿ. ಲೈಟುಗಳಿಗೆ ಬೇರೆ ಆರ್‌ಸಿಸಿಬಿ, ಬೇರೆ ಎಂಸಿಬಿ. ಸಾಧ್ಯವಾದರೆ ಲೈಟುಗಳನ್ನೇ ಎರಡು ಸರ್ಕ್ಯೂಟಾಗಿ ಒಡೆಯಿರಿ. ಮನೆಯಲ್ಲಿ ಯುಪಿಎಸ್ ಇದ್ದರೆ ಬೆಂಚಿನ ಮೇಲಿನ ಒಂದು ದೀಪವನ್ನು ಅದಕ್ಕೆ ಕೊಡಿ. ಕರೆಂಟ್ ಹೋದ ಕ್ಷಣದಲ್ಲಿ ಆ ಒಂದು ದೀಪ ಸಾಕು. ಮೋಟರುಗಳನ್ನು ಮಾತ್ರ ಯುಪಿಎಸ್ ಹತ್ತಿರ ಸುಳಿಸಬೇಡಿ.

10. ಪ್ಲಗ್ಗು ನಾಲ್ಕೂವರೆ ಅಡಿ ಎತ್ತರದಲ್ಲಿರಲಿ

ಪ್ಲೈವುಡ್ ಹಾಳೆ ಎಂಟು ಅಡಿಗೆ ನಾಲ್ಕು. ಅಡ್ಡ ಮಲಗಿಸಿ ಗೋಡೆಗೆ ಒರಗಿಸಿದರೆ ನಾಲ್ಕು ಅಡಿಯವರೆಗಿನ ಎಲ್ಲ ಪ್ಲಗ್ಗುಗಳೂ ಅದರ ಹಿಂದೆ ಮುಚ್ಚಿಹೋಗುತ್ತವೆ. ಅದಕ್ಕೇ ಈ ಅರ್ಧ ಅಡಿ. ಬೆಂಚಿನ ಉದ್ದಕ್ಕೂ ನಾಲ್ಕು ನಾಲ್ಕು ಅಡಿಗೊಂದು ಬೋರ್ಡು, ಪ್ರತಿಯೊಂದರಲ್ಲೂ ಕನಿಷ್ಠ ಒಂದು 16 ಆಂಪಿಯರ್ ಪವರ್ ಪ್ಲಗ್ಗು. ಬೋರ್ಡುಗಳನ್ನು ಒಂದು ಬಿಟ್ಟು ಒಂದರಂತೆ ಎರಡು ಸರ್ಕ್ಯೂಟಿಗೆ ಹಂಚಿದರೆ ಗ್ರೈಂಡರೂ ವ್ಯಾಕ್ಯೂಮೂ ಒಂದೇ ವೈರಿನ ಮೇಲೆ ಬೀಳುವುದಿಲ್ಲ.

ಕೋಣೆಯ ನಡುವೆ ಗರಗಸ ಇದ್ದರೆ ಸೂರಿನಿಂದ ಕೇಬಲ್ ಇಳಿಸಿ; ನೆಲದ ಮೇಲೆ ಹರಿದಾಡುವ ವೈರು ಕಾಲಿಗೂ ಬ್ಲೇಡಿಗೂ ಸಿಗುತ್ತದೆ. ಎಕ್ಸ್‌ಟೆನ್ಷನ್ ಅನಿವಾರ್ಯವಾದಾಗ ಡ್ರಮ್ಮಿನಿಂದ ಪೂರ್ತಿ ಬಿಚ್ಚಿಯೇ ಬಳಸಿ. ಸುತ್ತಿದ ಕೇಬಲ್ಲಿನ ಶಾಖಕ್ಕೆ ಹೋಗಲು ದಾರಿಯಿಲ್ಲದೆ ಹೊದಿಕೆ ಕರಗುತ್ತದೆ.

11. ಕರೆಂಟ್ ಬಂದಾಗ ಯಂತ್ರ ತಾನೇ ತಿರುಗಬಾರದು

ನಮ್ಮಲ್ಲಿ ಈ ಸೂತ್ರಕ್ಕೆ ವಿಶೇಷ ಬೆಲೆ. ಹಲಗೆ ಅರ್ಧ ಕೊಯ್ದಿರುವಾಗ ಕರೆಂಟ್ ಹೋಗುತ್ತದೆ. ಸ್ವಿಚ್ ಆರಿಸುವುದು ಮರೆತು ನೀವು ಹಲಗೆ ಎಳೆದು, ಬ್ಲೇಡಿನ ಬಳಿಯ ಚಕ್ಕೆ ತೆಗೆಯಲು ಕೈ ಹಾಕುತ್ತೀರಿ. ಅಷ್ಟರಲ್ಲಿ ಕರೆಂಟ್ ಬರುತ್ತದೆ.

ಸಾಧಾರಣ ಸ್ವಿಚ್ಚಿನ ಬದಲು ಡಿಒಎಲ್ ಸ್ಟಾರ್ಟರ್ ಹಾಕಿದರೆ ಈ ಅಪಾಯ ಇಲ್ಲ. ಕರೆಂಟ್ ಹೋದೊಡನೆ ಅದರೊಳಗಿನ ಕಾಯಿಲ್ ಕೈಬಿಡುತ್ತದೆ. ಮತ್ತೆ ಹಸಿರು ಬಟನ್ ಒತ್ತುವ ತನಕ ಮೋಟರು ಏಳುವುದಿಲ್ಲ. ಹೊಲದ ಪಂಪ್‌ಸೆಟ್ಟಿನ ಸ್ಟಾರ್ಟರ್ ನೋಡಿದವರಿಗೆ ಇದು ಹೊಸದೇನಲ್ಲ. ಮೋಟರಿನ ಆಂಪಿಯರಿಗೆ ಹೊಂದಿಸಿದ ಓವರ್‌ಲೋಡ್ ರಿಲೇ ಜೊತೆಗಿದ್ದರೆ ಸುರುಳಿಯೂ ಉಳಿಯುತ್ತದೆ. ಕೆಂಪು ಅಣಬೆ ಬಟನ್ನು ಮೊಣಕಾಲಿಗೆ ಸಿಗುವ ಎತ್ತರದಲ್ಲಿರಲಿ. ಎರಡೂ ಕೈ ಹಲಗೆಯ ಮೇಲಿರುವಾಗ ಬಿಡುವಾಗಿರುವುದು ಕಾಲು ತಾನೇ.

12. ವೆಲ್ಡಿಂಗಿಗೆ ಅದರದೇ ಜಾಗ, ಅದರದೇ ಲೈನ್

ಎರಡೂವರೆ ಎಂಎಂ ರಾಡಿನಲ್ಲಿ 80 ಆಂಪಿಯರ್ ಇಟ್ಟು ವೆಲ್ಡ್ ಮಾಡುವಾಗ ಇನ್ವರ್ಟರ್ ಮಷಿನ್ನು ಗೋಡೆಯಿಂದ 14–15 ಆಂಪಿಯರ್ ಎಳೆಯುತ್ತದೆ. ದಪ್ಪ ರಾಡಿಗೆ ಇನ್ನೂ ಹೆಚ್ಚು. ಆದ್ದರಿಂದ 4 ಎಂಎಂ ವೈರು, 20 ಆಂಪಿಯರ್ ಸಿ ಎಂಸಿಬಿ, ನೀಲಿ ಬಣ್ಣದ ಇಂಡಸ್ಟ್ರಿಯಲ್ ಸಾಕೆಟ್ಟು. ಮಷಿನ್ನಿನ ‘ಅರ್ಥ್’ ಕ್ಲ್ಯಾಂಪನ್ನು ವೆಲ್ಡ್ ಮಾಡುವ ತುಂಡಿಗೇ ಕಚ್ಚಿಸಿ. ದೂರದ ಬೆಂಚಿಗೆ ಕಚ್ಚಿಸಿದರೆ ಆ 80 ಆಂಪಿಯರ್ ಪಕ್ಕದ ಡ್ರಿಲ್ಲಿಂಗ್ ಮಷಿನ್ನಿನ ಸಣ್ಣ ಅರ್ಥ್ ವೈರಿನ ಮೂಲಕ ದಾರಿ ಹುಡುಕೀತು.

13. ಬೆಳಕನ್ನು ವ್ಯಾಟಿನಲ್ಲಿ ಕೇಳಬೇಡಿ, ಲುಮೆನ್‌ನಲ್ಲಿ ಲೆಕ್ಕ ಹಾಕಿ

ಬೆಂಚಿನ ಸಾಧಾರಣ ಕೆಲಸಕ್ಕೆ 300 ಲಕ್ಸ್ (ಲಕ್ಸ್ ಎಂದರೆ ಚದರ ಮೀಟರಿಗೆ ಬೀಳುವ ಲುಮೆನ್), ಗುರುತು ಹಾಕಿ ಕೊಯ್ಯಲು 500, ಸೂಕ್ಷ್ಮ ಕೆಲಸಕ್ಕೆ 750ರಿಂದ 1000 ಎಂದಿಟ್ಟುಕೊಳ್ಳಿ. 10 ಅಡಿಗೆ 20 ಅಡಿಯ ಗ್ಯಾರೇಜು ಎಂದರೆ 18.6 ಚದರ ಮೀಟರ್. 500 ಲಕ್ಸಿಗೆ ಬೇಕಾದ್ದು 9,300 ಲುಮೆನ್. ಆದರೆ ದೀಪದಿಂದ ಹೊರಟ ಬೆಳಕೆಲ್ಲ ಬೆಂಚಿಗೆ ಮುಟ್ಟುವುದಿಲ್ಲ. ಗೋಡೆ, ಸೂರು, ಧೂಳು ತಮ್ಮ ಪಾಲು ತೆಗೆದುಕೊಂಡು ನೂರಕ್ಕೆ ಅರವತ್ತು ಉಳಿಯಿತೆಂದರೆ, ಹಾಕಬೇಕಾದ್ದು 15,500 ಲುಮೆನ್. ನಾಲ್ಕು ಅಡಿಯ 20 ವ್ಯಾಟ್ ಎಲ್‌ಇಡಿ ಬ್ಯಾಟನ್ ಒಂದಕ್ಕೆ 2,000 ಲುಮೆನ್ ಹಿಡಿದರೆ ಎಂಟು ಬೇಕು. ಎಲ್ಲ ಸೇರಿ 160 ವ್ಯಾಟ್. ಹಳೇ 40 ವ್ಯಾಟಿನ ನಾಲ್ಕು ಟ್ಯೂಬಿನ ಖರ್ಚಿನೊಳಗೆ ಮುಗಿಯಿತು.

ದೀಪ ಕೊಳ್ಳುವ ಮೊದಲು ಗೋಡೆಗೂ ಸೂರಿಗೂ ಬಿಳಿ ಬಣ್ಣ ಹೊಡೆಸಿ. ಮಸಿ ಹಿಡಿದ ಸಿಮೆಂಟ್ ಶೀಟಿನ ಕೆಳಗೆ ಎಂಟು ದೀಪವೂ ಬಡವಾಗಿ ಕಾಣುತ್ತವೆ.

14. ನೆರಳು ಎಲ್ಲಿ ಬೀಳುತ್ತದೆಂದು ನೋಡಿ ದೀಪ ಕಟ್ಟಿ

ಕೋಣೆಯ ನಟ್ಟನಡುವೆ ಒಂದೇ ಸಾಲು ಕಟ್ಟಿದರೆ ಗೋಡೆಯ ಬೆಂಚಿನ ಮುಂದೆ ನಿಂತಾಗ ಬೆಳಕು ಬೆನ್ನಿಗೆ, ನೆರಳು ಕೆಲಸಕ್ಕೆ. ಎರಡು ಸಾಲು ಮಾಡಿ. ಒಂದು ಸಾಲು ಬೆಂಚಿನ ಮುಂದಿನ ಅಂಚಿನ ನೇರ ಮೇಲೆ, ನಿಮ್ಮ ತಲೆಗಿಂತ ಸ್ವಲ್ಪ ಮುಂದೆ ಬರಲಿ. ಗರಗಸದ ಮೇಲೆ ಎಡಬಲ ಎರಡು ಕಡೆಯಿಂದಲೂ ಬೆಳಕು ಬಿದ್ದರೆ ಪೆನ್ಸಿಲ್ ಗೆರೆ ಬ್ಲೇಡಿನ ನೆರಳಿನಲ್ಲಿ ಮಾಯವಾಗುವುದಿಲ್ಲ. ಡ್ರಿಲ್ ಪ್ರೆಸ್ಸು, ಲೇತು, ವೈಸ್ ಇರುವಲ್ಲಿ ಬಗ್ಗಿಸಬಹುದಾದ ಒಂದೊಂದು ದೀಪ.

ಬಣ್ಣದ ವಿಷಯದಲ್ಲಿ ಅಂಗಡಿಯವರು ಕೇಳದೆಯೇ 6500 ಕೆಲ್ವಿನ್ನಿನ ಬಿಳಿ ದೀಪ ಕೊಡುತ್ತಾರೆ. ಅದರಡಿಯಲ್ಲಿ ತೇಗ, ಬೀಟೆಯ ಕೆಂಪು ಮಂಕಾಗಿ ನೀಲಿಗೆ ತಿರುಗಿದಂತೆ ಕಾಣುತ್ತದೆ. ಪಾಲಿಶ್ ಹಚ್ಚಿ ಬೆಳಿಗ್ಗೆ ಹೊರಗೆ ತಂದಾಗ ಬಣ್ಣ ಬೇರೆಯೇ. 4000 ಕೇಳಿ ಪಡೆಯಿರಿ. ಪೊಟ್ಟಣದ ಮೇಲೆ, ಬಣ್ಣವನ್ನು ಇದ್ದಂತೆ ತೋರಿಸುವ ಅಳತೆಯಾದ ಸಿಆರ್‌ಐ 80ಕ್ಕಿಂತ ಹೆಚ್ಚಿರಲಿ. ಪಾಲಿಶ್, ಪೇಂಟ್ ಮಾಡುವ ಮೂಲೆಗೆ 90.

15. ಮಿನುಗುವ ದೀಪ ತಿರುಗುವ ಯಂತ್ರವನ್ನು ನಿಂತಂತೆ ತೋರಿಸುತ್ತದೆ

ನಮ್ಮ ಕರೆಂಟ್ 50 ಹರ್ಟ್ಸ್. ಹಳೇ ಚೋಕಿನ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ. ನಾಲ್ಕು ದವಡೆಯ ಲೇತ್ ಚಕ್ಕು ನಿಮಿಷಕ್ಕೆ 1500 ಸುತ್ತು, ಅಂದರೆ ಸೆಕೆಂಡಿಗೆ 25 ಸುತ್ತು ತಿರುಗುತ್ತಿದೆ ಎನ್ನಿ. ಒಂದು ಮಿನುಗಿಗೂ ಮುಂದಿನದಕ್ಕೂ ನಡುವೆ ಅದು ಸರಿಯಾಗಿ ಕಾಲು ಸುತ್ತು ಹಾಕಿರುತ್ತದೆ. ಒಂದು ದವಡೆಯ ಜಾಗಕ್ಕೆ ಇನ್ನೊಂದು ಬಂದಿರುತ್ತದೆ. ಕಣ್ಣಿಗೆ ಚಕ್ಕು ನಿಂತೇ ಇದೆ. ಮೂರು ಫೇಸಿನ ಕಾರ್ಖಾನೆಗಳಲ್ಲಿ ಅಕ್ಕಪಕ್ಕದ ಟ್ಯೂಬುಗಳನ್ನು ಬೇರೆ ಬೇರೆ ಫೇಸಿಗೆ ಕೊಡುತ್ತಿದ್ದುದು ಇದನ್ನು ತಪ್ಪಿಸಲೆಂದೇ.

ಎಲ್‌ಇಡಿ ಎಂದಾಕ್ಷಣ ಪಾರಾದಿರಿ ಎಂದಲ್ಲ. ಸರಿಯಾದ ಡ್ರೈವರ್ ಇಲ್ಲದ ಅಗ್ಗದ ಬ್ಯಾಟನ್ನೂ ಹೀಗೇ ಮಿನುಗುತ್ತದೆ. ಅಂಗಡಿಯಲ್ಲೇ ದೀಪ ಹಚ್ಚಿಸಿ, ಮೊಬೈಲಿನ ಸ್ಲೋ ಮೋಷನ್‌ನಲ್ಲಿ ವಿಡಿಯೊ ಮಾಡಿ ನೋಡಿ. ಬೆಳಕು ಬಡಿದುಕೊಳ್ಳುತ್ತಿದ್ದರೆ ಅಥವಾ ಕಪ್ಪು ಪಟ್ಟಿಗಳು ಸರಿದಾಡಿದರೆ ವಾಪಸ್ ಕೊಡಿ.

16. ಧೂಳು, ಮಳೆ, ಇಲಿ, ಸಿಡಿಲು: ನಾಲ್ವರಿಗೂ ಬಾಗಿಲು ಹಾಕಿ

ಧೂಳು: ಮರದ ಹುಡಿ ಸ್ವಿಚ್ಚಿನೊಳಗೆ ಕೂತು, ಸಡಿಲ ಸ್ಕ್ರೂನ ಬಿಸಿಗೆ ಕರಕಲಾಗುತ್ತದೆ. ಮುಚ್ಚಳ ಇರುವ ಐಪಿ 54 ಬಾಕ್ಸು, ಐಪಿ 65 ಬ್ಯಾಟನ್ ಹಾಕಿಸಿ.

ಮಳೆ: ಕರಾವಳಿ, ಮಲೆನಾಡಿನಲ್ಲಿ ಹಿತ್ತಾಳೆ ಟರ್ಮಿನಲ್ಲಿಗೆ ಕಿಲುಬು ಹಿಡಿಯುತ್ತದೆ. ಹಾಗಾಗಿ ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ, ಮೇನ್ ಆಫ್ ಮಾಡಿಸಿ ಎಲ್ಲ ಸ್ಕ್ರೂ ಬಿಗಿ ಮಾಡಿಸಿ. ತಗಡಿನ ಶೆಡ್ಡಾದರೆ ಕಬ್ಬಿಣದ ಚೌಕಟ್ಟಿಗೂ ಅರ್ಥ್ ಸಂಪರ್ಕ ಕೊಡಿಸಿ. ತಗಡಿನ ಅಂಚಿಗೆ ವೈರು ಉಜ್ಜದಂತೆ ಪೈಪು ಹಾಕಿಸಿ.

ಇಲಿ: ಪಿವಿಸಿ ಪೈಪಿನ ತೆರೆದ ಬಾಯಿಗಳನ್ನೆಲ್ಲ ಮುಚ್ಚಿ. ವರ್ಕ್‌ಶಾಪಿಗೆ ಗೋಡೆಯ ಮೇಲಿನ ಪೈಪೇ ವಾಸಿ. ಎಲ್ಲಿ ಕಡಿದಿದೆ ಎಂದು ಕಣ್ಣಿಗೆ ಕಾಣುತ್ತದೆ, ನಾಳೆ ಇನ್ನೊಂದು ಪಾಯಿಂಟ್ ತೆಗೆಯಲು ಗೋಡೆ ಕೊರೆಯಬೇಕಿಲ್ಲ.

ಸಿಡಿಲು: ಯುಗಾದಿ ಕಳೆದ ಮೇಲೆ ಬರುವ ಗುಡುಗಿನ ಮಳೆಗೆ ಡಿಬಿಯಲ್ಲಿ ವೋಲ್ಟೇಜಿನ ಹಠಾತ್ ಏರಿಕೆ ತಡೆಯುವ ಎಸ್‌ಪಿಡಿ ಇರಲಿ. ಅದಿದ್ದರೂ ಗುಡುಗು ಶುರುವಾದಾಗ ಎಲೆಕ್ಟ್ರಾನಿಕ್ ಯಂತ್ರಗಳ ಪ್ಲಗ್ಗು ಕೀಳುವುದು ಜಾಣತನ.

ಕೊನೆಗೆ: ಲೆಕ್ಕ ಚುಕ್ತಾ ಮಾಡುವ ಮೊದಲು

ಕೆಲಸ ಮುಗಿದ ದಿನ ವೈರ್‌ಮನ್ ಎದುರಿಗೇ ಇಷ್ಟು ಮಾಡಿಸಿ. 500 ವೋಲ್ಟಿನ ಮೆಗರ್ ಇಟ್ಟು ವೈರಿನ ಹೊದಿಕೆಯ ರೋಧ 1 ಮೆಗಾ ಓಮಿಗಿಂತ ಮೇಲಿದೆ ಎಂದು ನೋಡಿಸಿ. ಡಿಬಿಯ ಪ್ರತಿ ಎಂಸಿಬಿಗೆ ಕನ್ನಡದಲ್ಲಿ ಚೀಟಿ ಅಂಟಿಸಿ: ‘ಬೆಂಚು ಎಡ’, ‘ಬೆಂಚು ಬಲ’, ‘ಗರಗಸ’, ‘ಲೈಟು 1’. ನೀವಿಲ್ಲದಾಗ ಮನೆಯವರು ಓದಿ ಆರಿಸುವಂತಿರಬೇಕು. ಪೈಪು ಹೋದ ದಾರಿಯ ಫೋಟೊ ತೆಗೆದಿಡಿ. ಬಾಗಿಲ ಬಳಿ ಎಬಿಸಿ ಪೌಡರಿನ ಅಗ್ನಿಶಾಮಕ ತೂಗುಹಾಕಿ. ಕರೆಂಟಿನ ಬೆಂಕಿಗೆ ನೀರು ಎರಚುವಂತಿಲ್ಲ.

ಕೈಯಲ್ಲಿರುವ ಹಣ ಎಲ್ಲಕ್ಕೂ ಸಾಲದಿದ್ದರೆ ಕ್ರಮ ಹೀಗಿರಲಿ. ಈ ತಿಂಗಳು ಅರ್ಥಿಂಗ್ ಮತ್ತು 30 ಮಿಲಿ ಆಂಪಿಯರ್ ಆರ್‌ಸಿಸಿಬಿ. ಮುಂದಿನ ತಿಂಗಳು ದಪ್ಪ ವೈರಿನ ಪ್ರತ್ಯೇಕ ಲೈನ್, ಡಿಬಿ. ಆಮೇಲೆ ಗರಗಸಕ್ಕೆ ಸ್ಟಾರ್ಟರ್. ಪ್ಲಗ್ಗುಗಳು ನಂತರ, ದೀಪಗಳು ಎಲ್ಲಕ್ಕಿಂತ ಕೊನೆಗೆ, ಎರಡೆರಡಾಗಿ. ಅಲ್ಲಿಯವರೆಗೆ ಕೊಯ್ಯುವ ಕೆಲಸವನ್ನು ಬಾಗಿಲು ತೆರೆದಿಟ್ಟು ಹಗಲು ಹೊತ್ತಿನಲ್ಲಿ ಮಾಡಿಕೊಳ್ಳಿ. ಸೂರ್ಯನ ಬೆಳಕಿಗೆ ಬಿಲ್ಲೂ ಇಲ್ಲ, ಅದು ಮಿನುಗುವುದೂ ಇಲ್ಲ.